ದುಂಬಿಯ ರಿಪೇರಿ

ಮನೆಗೆ ಬಣ್ಣ ಹೊಡೆಸಬೇಕೆಂದರೆ ಮೊದಲು ಅಟ್ಟ ಖಾಲಿ ಮಾಡಬೇಕು. ಅಟ್ಟ ಖಾಲಿ ಮಾಡಬೇಕೆಂದರೆ ಮೊದಲು ಮಾನ ಮರ್ಯಾದೆ ಬಿಡಬೇಕು. ಹೋದ ತಿಂಗಳು ನಾನು ಎರಡನ್ನೂ ಮಾಡಿದೆ. ಕೆಳಗಿಳಿದ ಸಾಮಾನಿನಲ್ಲಿ ಒಂದು ಹಳೆಯ ಉಪ್ಪಿನಕಾಯಿ ಜಾಡಿಯಿತ್ತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರುತ್ತದೆ, ಇಲ್ಲ ಅನ್ನಬೇಡಿ. ತುಕ್ಕು ಹಿಡಿದ ಮೊಳೆ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ, ಸುಟ್ಟ ಫ್ಯೂಸು, ಒಂಟಿ ಸ್ಕ್ರೂ, ಎಲ್ಲವೂ 'ಮುಂದೆ ಬೇಕಾಗುತ್ತೆ' ಅಂತ. ಆ ಮುಂದೆ ಯಾವತ್ತೂ ಬರುವುದಿಲ್ಲ, ಅದು ಬೇರೆ ಮಾತು. ಜಾಡಿಯನ್ನು ನ್ಯೂಸ್‌ಪೇಪರಿನ ಮೇಲೆ ಸುರುವಿದೆ. ಕಸದ ನಡುವಿನಿಂದ ಬೆರಳುದ್ದದ ಒಂದು ಅಲ್ಯುಮಿನಿಯಂ ಕೊಳವೆ ಉರುಳಿ ಬಂತು. ನೋಡಲು ಹೊಸದರ ಹಾಗೇ ಇದೆ. ಎರಡು ತಂತಿಗಳಲ್ಲಿ ಒಂದು ಮಾತ್ರ ಬುಡಕ್ಕೆ ಕತ್ತರಿಸಿಹೋಗಿದೆ.

"ಇದು ಎಸೆಯೋದಾ ಸಾರ್?" ಎಂದು ಪೇಂಟರ್ ಕೇಳಿದ.

"ಅದನ್ನ ಮಾತ್ರ ಮುಟ್ಟಬೇಡಿ," ಎಂದು ಅಡಿಗೆ ಮನೆಯ ಬಾಗಿಲಿನಿಂದ ಸುಮಿತ್ರಳ ಧ್ವನಿ ಬಂತು.

ಸುಮಿತ್ರ ನನ್ನ ಹೆಂಡತಿ. ಇಪ್ಪತ್ತು ವರ್ಷ ದಾಟಿದ ಸಂಸಾರದಲ್ಲಿ ನನ್ನ ಗುಜರಿ ಸಾಮಾನಿನ ಪರವಾಗಿ ಅವಳು ಆಡಿದ್ದು ಇದೊಂದೇ ಮಾತು. ಪೇಂಟರಿಗೆ ಏನೂ ಅರ್ಥವಾಗಲಿಲ್ಲ. ನಿಮಗಾದರೂ ಹೇಳೋಣ ಎಂದು ಕೂತಿದ್ದೇನೆ.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಶಬ್ದ, ವಿದ್ಯುತ್ತು, ಕಂಪನ ಎಲ್ಲ ನನ್ನ ಜೇಬಿನಲ್ಲೇ ಇವೆ ಎಂದು ಬಹಳ ಕಾಲ ನಂಬಿಕೊಂಡಿದ್ದವನು. ಬೋರ್ಡಿನ ಮೇಲೆ ನಾನು ಬರೆದ ಸರ್ಕ್ಯೂಟು ಒಂದೂ ಕೆಟ್ಟು ನಿಂತದ್ದಿಲ್ಲ. ಬೋರ್ಡಿನಿಂದ ಕೆಳಗಿಳಿದದ್ದು ಒಂದೂ ನೆಟ್ಟಗೆ ಓಡಿದ್ದಿಲ್ಲ. ಇಂಥವನಿಗೆ ತೊಂಬತ್ತರ ದಶಕದಲ್ಲಿ ಒಂದು ರೋಗ ಅಂಟಿಕೊಂಡಿತು. ಜನ ಬಿಸಾಡಿದ ಹಳೇ ಸ್ಟೀರಿಯೋಗಳನ್ನು ಎತ್ತಿಕೊಂಡು ಬಂದು ರಿಪೇರಿ ಮಾಡುವ ರೋಗ.

ಆಗ ಎಲ್ಲರ ಮನೆಗೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಸೆಟ್ ಪ್ಲೇಯರುಗಳು ಬಂದು, ಅವುಗಳ ಬೆನ್ನಿಗೇ ಸಿ.ಡಿ. ಬರುತ್ತಿದ್ದ ಕಾಲ. ಬಸವನಗುಡಿ, ಮಲ್ಲೇಶ್ವರಂ, ನಮ್ಮ ಚಾಮರಾಜಪೇಟೆಯ ಹಳೇ ಮನೆಗಳ ಹಾಲಿನಲ್ಲಿ ದೇವರಿಗಿಂತ ದೊಡ್ಡ ಜಾಗ ಹಿಡಿದು ಕೂತಿದ್ದ ಮರದ ಪೆಟ್ಟಿಗೆಯ ಸ್ಟೀರಿಯೋಗಳು ಒಂದೊಂದಾಗಿ ಬೀದಿಗೆ ಬಿದ್ದವು. ಹೊಸಿಲು ದಾಟಿದ ಕೂಡಲೇ ಅವನ್ನು ಹಿಡಿದುಕೊಳ್ಳಲು ನಾನು ನಿಂತಿದ್ದೆ. ನನಗಿಂತ ಮುಂಚೆ ಬಾಷಾ ಭಾಯಿ ನಿಂತಿರುತ್ತಿದ್ದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದ್ದೊಂದು ಗುಜರಿ ಅಂಗಡಿ.

"ಮೇಷ್ಟ್ರೇ, ಈ ಪೀಸ್ ನಿಮಗೋಸ್ಕರಾನೇ ಇಟ್ಟಿದೀನಿ. ಒಂದೇ ಒಂದು ಚಿಕ್ಕ ಕೆಲಸ ಇದೆ ಅಷ್ಟೇ," ಎನ್ನುತ್ತಿದ್ದರು ಪ್ರತಿ ಸಲ. ಆ ಒಂದು ಚಿಕ್ಕ ಕೆಲಸ ಯಾವುದು ಎಂದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕುವುದರಲ್ಲೇ ನನ್ನ ಯೌವನದ ಒಳ್ಳೆಯ ಭಾಗ ಕಳೆದುಹೋಯಿತು.

ಒಮ್ಮೆ ಎದೆಯೆತ್ತರದ ಒಂದು ಸ್ಪೀಕರನ್ನು ತಬ್ಬಿಕೊಂಡು ಸಿಟಿ ಬಸ್ಸು ಹತ್ತಿದೆ. ಕಂಡಕ್ಟರು ಅದನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ಇಬ್ಬರಿಗೂ ಟಿಕೇಟಾ, ಅಥವಾ ಇವರು ನಿಮ್ ತೊಡೆ ಮೇಲೆ ಕೂರ್ತಾರಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸ್ಪೀಕರಿನ ಹಿಂದೆ ಮುಖ ಮುಚ್ಚಿಕೊಂಡೆ. ಮುಂದಿನ ಸೀಟಿನಲ್ಲಿದ್ದವನು ನನ್ನದೇ ಕ್ಲಾಸಿನ ಹುಡುಗ ಎಂದು ಇಳಿಯುವಾಗ ಗೊತ್ತಾಯಿತು.

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಗಾಂಧಿಬಜಾರಿನ ಹತ್ತಿರ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋದೆ. ಅವರ ಮಗ ಅಪ್ಪನ ಕಡೆಯ ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಆದರೆ ನನ್ನ ಕಣ್ಣು ಅವರ ಭುಜದ ಮೇಲಿಂದ ಹಾಯ್ದು ಮೂಲೆಯಲ್ಲಿದ್ದ ಒಂದು ಟರ್ನ್‌ಟೇಬಲ್ ಮೇಲೆ ನೆಟ್ಟಿತ್ತು. "ಬಹಳ ಒಳ್ಳೆಯದಿತ್ತು," ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಪುಣ್ಯಕ್ಕೆ ಅವರು ಅಪ್ಪನ ಸ್ವಭಾವದ ಮಾತೆಂದುಕೊಂಡು ಇನ್ನಷ್ಟು ಅತ್ತರು. ಜೊತೆಯಲ್ಲಿದ್ದ ನನ್ನ ಅಮ್ಮನಿಗೆ ಮಾತ್ರ ಎಲ್ಲ ಗೊತ್ತಾಯಿತು. "ಇನ್ಮೇಲೆ ಯಾರ ಮನೇಲಿ ಯಾರು ತೀರ್ಕೊಂಡ್ರೂ ನಾನೇ ಹೋಗಿ ಬರ್ತೀನಿ. ನೀನು ಕಾಲಿಡ್ಬೇಡ ನಾಣಿ," ಎಂದು ದಾರಿಯುದ್ದಕ್ಕೂ ಸಹಸ್ರನಾಮ ಮಾಡಿದಳು.

ಈಗ ಸುಮಿತ್ರಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದನ್ನು ಹೇಳಲು ಸಂಕೋಚವಾಗಿ.

ಸುಮಿತ್ರ ಮದುವೆಗೆ ಮುಂಚೆ ಎಂಟು ವರ್ಷ ಸಂಗೀತ ಕಲಿತವಳು. ಅವರಪ್ಪನೇ ತಂಬೂರಿ ಮೀಟುತ್ತ ಹೇಳಿಕೊಟ್ಟವರು. ಅವರು ಹೋದ ಮೇಲೆ ತಂಬೂರಿ ಮೈಸೂರಿನ ಅವಳ ಅಣ್ಣನ ಮನೆಯಲ್ಲಿ ಉಳಿಯಿತು, ಹಾಡು ಅವಳ ಗಂಟಲಲ್ಲೇ ಉಳಿಯಿತು. ಮದುವೆಯಾದ ಮೊದಲ ವರ್ಷ ಒಂದು ದಿನ ಅಕ್ಕಿ ಆರಿಸುತ್ತ, "ರೀ, ಒಂದು ಶ್ರುತಿ ಪೆಟ್ಟಿಗೆ ಇದ್ದಿದ್ರೆ ಮತ್ತೆ ಹಾಡ್ಕೋಬಹುದಿತ್ತು," ಎಂದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಶೂರನ ಹಾಗೆ ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಸಂಗೀತ ವಾದ್ಯದ ಅಂಗಡಿಗಳಿರುವುದು ಬಳೇಪೇಟೆಯಲ್ಲಿ. ಬಾಷಾ ಭಾಯಿಯ ಅಂಗಡಿ ಅದೇ ದಾರಿಯಲ್ಲಿ, ಅದಕ್ಕಿಂತ ಮುಂಚೆ. ಇನ್ನೇನು ಹೇಳಲಿ? ಶ್ರುತಿ ಪೆಟ್ಟಿಗೆ ತರಲು ಹೋದವನು ಸಂಜೆಗೆ ಒಂದು ಸತ್ತ ಟರ್ನ್‌ಟೇಬಲ್ ಹೊತ್ತುಕೊಂಡು ಬಂದೆ.

"ಇದನ್ನ ರಿಪೇರಿ ಮಾಡಿದ್ರೆ ದೊಡ್ಡ ದೊಡ್ಡ ವಿದ್ವಾಂಸರ ಹಾಡು ಮನೇಲೇ ಕೇಳ್ಬಹುದು ಸುಮಿ," ಎಂದೆ.

ಅವಳು ಟರ್ನ್‌ಟೇಬಲ್ ನೋಡಿದಳು, ನನ್ನನ್ನು ನೋಡಿದಳು, "ಕೈಕಾಲು ತೊಳ್ಕೊಂಡ್ ಬನ್ನಿ, ಕಾಫಿ ಕೊಡ್ತೀನಿ," ಎಂದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಜಗಳವಾಡಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದೆನೇನೋ. ಜಗಳವಾಡಲಿಲ್ಲವಾದ್ದರಿಂದ ಸುಖವಾಗಿ ಮರೆತೆ. ಆ ಟರ್ನ್‌ಟೇಬಲ್ ಕೂಡ ರಿಪೇರಿಯಾಯಿತು, ಆದರೆ ಹಿಂದು ಮುಂದಾಗಿ ತಿರುಗುತ್ತಿತ್ತು.

ಹೀಗೆ ವರ್ಷಗಳು ಕಳೆದಂತೆ ಮುಂದಿನ ಕೋಣೆ ತುಂಬಿತು. ಸ್ಪೂಲ್ ಟೇಪ್‌ರೆಕಾರ್ಡರ್ ಎರಡು, ಟರ್ನ್‌ಟೇಬಲ್ ಮೂರು, ಇಲಿ ತಿಂದ ಸ್ಪೀಕರುಗಳು ಎಷ್ಟೋ. ಒಂದಕ್ಕೂ ಜೀವವಿಲ್ಲ. ಇವುಗಳಿಗೆ ಒಂದು ಉಪಯೋಗ ಕಂಡುಹಿಡಿದವಳೂ ಸುಮಿತ್ರಳೇ. ದಸರಾ ಬಂದರೆ ನಮ್ಮ ಕಡೆ ಬೊಂಬೆ ಕೂರಿಸಬೇಕಲ್ಲ. ಎಲ್ಲರೂ ಬೊಂಬೆಯ ಮೆಟ್ಟಿಲಿಗೆ ಸ್ಟೂಲು, ಟ್ರಂಕು, ಹಲಗೆ ಅಂತ ಹುಡುಕಾಡುತ್ತಿದ್ದರೆ ಅವಳು ನನ್ನ ಸ್ಟೀರಿಯೋಗಳನ್ನು ಎತ್ತರದ ಪ್ರಕಾರ ಜೋಡಿಸಿ, ಮೇಲೆ ಬಿಳಿ ಪಂಚೆ ಹೊದಿಸಿದಳು. ಅಚ್ಚುಕಟ್ಟಾಗಿ ಏಳು ಮೆಟ್ಟಿಲಾಯಿತು. ಟೇಪ್‌ರೆಕಾರ್ಡರಿನ ಮೇಲೆ ಶೆಟ್ಟರ ಅಂಗಡಿ, ಟರ್ನ್‌ಟೇಬಲ್ ಮೇಲೆ ಮದುವೆ ದಿಬ್ಬಣ, ಮೇಲಿನ ಎರಡು ಸ್ಪೀಕರುಗಳಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಪಟ್ಟದ ರಾಜ ರಾಣಿ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ, "ಎಷ್ಟು ಗಟ್ಟಿಯಾಗಿದೆ ಸುಮಿತ್ರಾ ನಿಮ್ಮನೆ ಮೆಟ್ಟಿಲು!" ಎಂದು ಹೊಗಳುತ್ತಿದ್ದರು. ನಾನು ರಿಪೇರಿ ಮಾಡಿದ್ದಕ್ಕೆ ಸಿಕ್ಕಿದ ಮೆಚ್ಚುಗೆ ಅಷ್ಟೇ.

ಬೊಂಬೆ ನೋಡಲು ಬಂದವರನ್ನು ಒಂದು ಹಾಡು ಹೇಳಿಸದೆ ಕಳಿಸುವ ಪದ್ಧತಿಯಿಲ್ಲ. ಮನೆಯವರೂ ಹಾಡಬೇಕು. ಪ್ರತಿ ವರ್ಷವೂ ಸುಮಿತ್ರಳ ಸರದಿ ಬಂದಾಗ ಅವಳು, "ಅಯ್ಯೋ, ಒಲೆ ಮೇಲೆ ಉಸ್ಲಿ ಇದೆ," ಎಂದು ಎದ್ದು ಹೋಗುತ್ತಿದ್ದಳು. ಹತ್ತು ದಸರಾಗಳಲ್ಲಿ ಹತ್ತು ಸಲವೂ ಆ ಕಡಲೆಕಾಳು ಉಸ್ಲಿ ಸರಿಯಾಗಿ ಅದೇ ಹೊತ್ತಿಗೆ ತಳ ಹಿಡಿಯುತ್ತಿತ್ತು.

ಆ ಹೊತ್ತಿಗೆ ದುಂಬಿ ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ದುಂಬಿ ಎಂದರೆ ಒಂದು ಹಳೇ ವಾಲ್ವ್ ಆಂಪ್ಲಿಫೈಯರು. ಸ್ವಿಚ್ ಹಾಕಿದರೆ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗೆ ಕಾದು, ಅರ್ಧ ನಿಮಿಷದ ಮೇಲೆ ಜೀವ ಬರುವಂಥದ್ದು. ನನ್ನ ಸಂಗ್ರಹದಲ್ಲಿ ನಿಜಕ್ಕೂ ಹಾಡುತ್ತಿದ್ದುದು ಅದೊಂದೇ. ಆದರೆ ಹಾಡಿನ ಜೊತೆಗೆ ಗುಂಯ್ ಎಂದು ಒಂದೇ ಸಮನೆ ಮೊರೆಯುತ್ತಿತ್ತು. ವಾಲ್ಯೂಮ್ ಸೊನ್ನೆಗೆ ತಂದರೂ ಗುಂಯ್. ಹಾಡು ನಿಲ್ಲಿಸಿದರೂ ಗುಂಯ್. ದುಂಬಿ ಎಂದು ಹೆಸರಿಟ್ಟವಳು ಅಮ್ಮ.

ನನಗೆ ಆ ಗುಂಯ್ ಎಂದರೆ ಆಗುತ್ತಿರಲಿಲ್ಲ. ಅದನ್ನು ಓಡಿಸುವುದೇ ನನ್ನ ಬಾಳಿನ ಗುರಿಯಾಯಿತು. ವಾಲ್ವ್ ಬದಲಾಯಿಸಿದೆ. ವೈರುಗಳನ್ನೆಲ್ಲ ಬಿಚ್ಚಿ ಬೇರೆ ಹಾಕಿದೆ. ಅರ್ಥಿಂಗ್ ಸರಿಯಿಲ್ಲವೇನೋ ಎಂದು ತುಳಸಿ ಕುಂಡದಲ್ಲಿ ತಾಮ್ರದ ಸರಳು ಹೂತು, ಅಲ್ಲಿಂದ ಹಾಲಿಗೆ ತಂತಿ ಎಳೆದೆ. ಅಮ್ಮ ತುಳಸಿಗೆ ನೀರು ಹಾಕಲು ಹೆದರಿ ಮೂರು ದಿನ ದೂರದಿಂದಲೇ ಚಿಮುಕಿಸಿದಳು. ನಾಲ್ಕನೆಯ ದಿನ ಸರಳು ಕಿತ್ತು ನನ್ನ ಕೈಗೆ ಕೊಟ್ಟು, "ದೇವರಿಗೆ ಕರೆಂಟ್ ಕೊಡೋಕೆ ಹೊರಟಿದೀಯೇನೋ?" ಎಂದಳು.

ದಿನಾ ಬೆಳಿಗ್ಗೆ ಆರಕ್ಕೆ, 'ಬಿಸಿಯಾಗಲಿ' ಎಂದು ದುಂಬಿಯ ಸ್ವಿಚ್ ಹಾಕಿ ನಾನು ಹಾಲು ತರಲು ಹೋಗುತ್ತಿದ್ದೆ. ಬಂದು, ಸ್ನಾನ ಮುಗಿಸಿ, ಏಳೂವರೆಗೆ ಟೆಸ್ಟರ್ ಹಿಡಿದು ಅದರ ಮುಂದೆ ಕೂರುತ್ತಿದ್ದೆ. ಈ ಒಂದೂವರೆ ಗಂಟೆಯಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಮೂರು ವರ್ಷ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನೀವಾದರೂ ನನ್ನ ಹಾಗೆ ಪೆದ್ದರಾಗಬೇಡಿ. ದುಂಬಿಯ ಗುಂಯ್ ಏರುವುದಿಲ್ಲ, ಇಳಿಯುವುದಿಲ್ಲ, ನಡುವೆ ನಿಲ್ಲುವುದಿಲ್ಲ, ಒಂದೇ ಸ್ವರ. ಅಡಿಗೆ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸುಮಿತ್ರಳಿಗೆ ಒಂದು ದಿನ ಅದು ಶ್ರುತಿಯ ಹಾಗೆ ಕೇಳಿಸಿತು. ಅದಕ್ಕೆ ಸೇರಿಸಿ ಮೆಲ್ಲಗೆ 'ಸಾ' ಹಿಡಿದಳು. ಮಾರನೆಯ ದಿನ ಸರಳೆ ವರಸೆ. ಆಮೇಲೆ ಅಪ್ಪ ಹೇಳಿಕೊಟ್ಟಿದ್ದು ಒಂದೊಂದೇ. ಒಂಬತ್ತು ವರ್ಷ ಬಿಟ್ಟಿದ್ದ ಹಾಡನ್ನು ಅವಳು ನನ್ನ ಆಂಪ್ಲಿಫೈಯರಿನ ರೋಗ ಹಿಡಿದುಕೊಂಡು ಹತ್ತಿ ಬಂದಳು. ನನ್ನ ಚಪ್ಪಲಿ ಸದ್ದಾದರೆ ನಾಚಿಕೊಂಡು ನಿಲ್ಲಿಸಿಬಿಡುತ್ತಿದ್ದಳು.

ಒಂದೆರಡು ಸಲ ಬಚ್ಚಲಿನಿಂದ ನನಗೂ ಹಾಡು ಕೇಳಿಸಿತ್ತು. ಕೇಳಿ ನಾನು ಅಂದುಕೊಂಡದ್ದೇನು ಗೊತ್ತೇ? ಪಕ್ಕದ ಮನೆ ರೇಡಿಯೋ ಎಷ್ಟು ಕ್ಲಿಯರಾಗಿದೆ, ನಮ್ಮದಕ್ಕೇ ಯಾಕೆ ಈ ಗುಂಯ್! ಹೊಟ್ಟೆ ಉರಿದುಕೊಂಡು ತಲೆಗೆ ಇನ್ನೊಂದು ಚೊಂಬು ನೀರು ಸುರಿದುಕೊಂಡೆ.

ಆ ವರ್ಷ ದಸರಾಕ್ಕೆ ಒಂದು ವಾರವಿರುವಾಗ ಪಕ್ಕದ ಮನೆ ಕಮಲಮ್ಮನವರು ಬಂದಿದ್ದರು. ವಯಸ್ಸಾದವರು, ಬಾಯಿ ಜೋರು, ಮನಸ್ಸು ಮೆತ್ತಗೆ. "ಈ ಸಲಾನೂ ಉಸ್ಲಿ ತಳ ಹಿಡಿಯುತ್ತೇನೇ ಸುಮಿತ್ರಾ?" ಎಂದು ಕೆಣಕಿದರು.

"ಇಲ್ಲ ಕಮಲಮ್ಮನೋರೆ. ಈ ಸಲ ಬೊಂಬೆ ಮುಂದೆ ನಾನೂ ಒಂದು ಹಾಡ್ತೀನಿ," ಎಂದಳು ಸುಮಿತ್ರ. ಮುಖ ಕೆಂಪಾಗಿತ್ತು. ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡಿದಳು. ಆ ರಾತ್ರಿ ಊಟಕ್ಕೆ ಬಡಿಸುವಾಗ ಸುಮಿತ್ರ ನನ್ನ ಕಡೆ ನೋಡದೆ, "ರೀ, ಪಾಡ್ಯದ ದಿನ ಸಾಯಂಕಾಲ ದುಂಬಿ ಆನ್ ಮಾಡಿಡ್ತೀರಾ?" ಎಂದಳು.

ನನ್ನ ಎದೆ ಉಬ್ಬಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿ ನನ್ನ ಯಂತ್ರವನ್ನು ನಾಲ್ಕು ಜನರ ಮುಂದೆ ತೋರಿಸಬೇಕು ಅನ್ನುತ್ತಿದ್ದಾಳೆ! ಅದರಲ್ಲೇ ಮೈಕು ಹಾಕಿಸಿಕೊಂಡು ಹಾಡುತ್ತಾಳೇನೋ ಎಂದುಕೊಂಡೆ. ಅಷ್ಟು ಹೆಂಗಸರ ಮುಂದೆ ಅದು ಗುಂಯ್ ಎಂದರೆ ಅವಳ ಮಾನ ಏನಾಗಬೇಕು? ಪಾಡ್ಯದೊಳಗೆ ದುಂಬಿಯ ಬಾಯಿ ಮುಚ್ಚಿಸಲೇಬೇಕು ಎಂದು ಮೊಸರನ್ನ ಕಲಸುತ್ತಲೇ ಪ್ರತಿಜ್ಞೆ ಮಾಡಿದೆ.

ದೇವರು ಮೂರ್ಖರ ಕಡೆ ಸ್ವಲ್ಪ ಜಾಸ್ತಿ ಒಲಿಯುತ್ತಾನೆ. ಎರಡು ದಿನದ ಮೇಲೆ ಕ್ಲಾಸಿನಲ್ಲಿ ಕೆಪಾಸಿಟರಿನ ಪಾಠ. ಗೋಡೆಯಿಂದ ಬರುವ ಕರೆಂಟು ಏರಿಳಿಯುತ್ತ ಬರುತ್ತದೆ, ಅದನ್ನು ಸಮ ಮಾಡಿ ಒಳಕ್ಕೆ ಬಿಡುವುದು ಇದರ ಕೆಲಸ ಎಂದು ಬೋರ್ಡಿನ ಮೇಲೆ ಚಿತ್ರ ಬರೆದೆ. ಹನ್ನೆರಡು ವರ್ಷದಿಂದ ಅದೇ ಚಿತ್ರ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. "ಸಾರ್, ಅದು ಕೆಟ್ಟುಹೋದ್ರೆ ಏನಾಗುತ್ತೆ?"

"ಏನಾಗುತ್ತೆ, ಗುಂಯ್ ಅನ್ನುತ್ತೆ," ಎಂದೆ.

ಅಂದವನೇ ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತೆ. ಕ್ಲಾಸು ನನ್ನನ್ನು ನೋಡಿತು. ನಾನು ಬೋರ್ಡನ್ನು ನೋಡಿದೆ. ಮೂರು ವರ್ಷ ತುಳಸಿ ಕುಂಡ ಅಗೆದವನ ಮುಂದೆ ಉತ್ತರ ನನ್ನದೇ ಕೈಬರಹದಲ್ಲಿತ್ತು.

ಅಮಾವಾಸ್ಯೆಯ ದಿನ ಕಾಲೇಜಿಗೆ ರಜೆ. ಹೊಸ ಕೆಪಾಸಿಟರ್ ತಂದು, ಹಿತ್ತಲಿನಲ್ಲಿ ಕೂತು ಹಾಕಿದೆ. ಸುಮಿತ್ರ ಹೂವು ಹಣ್ಣಿಗೆಂದು ಮಾರ್ಕೆಟ್ಟಿಗೆ ಹೋಗಿದ್ದಳು. ಸ್ವಿಚ್ ಹಾಕಿದೆ. ವಾಲ್ವ್ ಕಾದವು. ಅರ್ಧ ನಿಮಿಷ, ಒಂದು ನಿಮಿಷ, ಎರಡು. ಏನೂ ಇಲ್ಲ! ಸ್ಪೀಕರಿಗೆ ಕಿವಿ ಅಂಟಿಸಿದೆ. ನನ್ನದೇ ಉಸಿರು ಕೇಳಿಸಿತು. ನನ್ನ ಜೀವಮಾನದಲ್ಲಿ ತಪ್ಪಿಲ್ಲದೆ ಮಾಡಿದ ಒಂದೇ ಒಂದು ರಿಪೇರಿ! ಕುಣಿಯಬೇಕು ಅನ್ನಿಸಿತು. ಸುಮಿತ್ರಳಿಗೆ ಹೇಳಲಿಲ್ಲ, ನಾಳೆ ಎಲ್ಲರ ಮುಂದೆ ಅವಳ ಮುಖ ಅರಳುವುದನ್ನು ನೋಡಬೇಕಿತ್ತು. ಸಂಜೆ ಮೆಟ್ಟಿಲು ಜೋಡಿಸುವಾಗ ದುಂಬಿಯನ್ನು ಮೇಲಿನ ಹಲಗೆಯ ಕೆಳಗೆ, ಎರಡು ಸ್ಪೀಕರುಗಳ ನಡುವೆ, ಬೆನ್ನು ಗೋಡೆಯ ಕಡೆಗೆ ಮಾಡಿ ಕೂರಿಸಿದೆ. ಬೆಳಗಾದರೆ ಹಬ್ಬ, ಯಾರಿಗೂ ಅದರ ಸ್ವಿಚ್ ಹಾಕಲು ಪುರುಸೊತ್ತಿರಲಿಲ್ಲ.

ಪಾಡ್ಯದ ಸಂಜೆ ಹದಿನೈದು ಹದಿನಾರು ಜನ ಹೆಂಗಸರು ಬಂದರು. ಮನೆ ತುಂಬಿತು. ಹಸಿರು ರೇಷ್ಮೆ ಸೀರೆಯುಟ್ಟ ಸುಮಿತ್ರ ಚಾಪೆಯ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, ಬಾಗಿಲ ಹತ್ತಿರ ಸ್ವಿಚ್‌ಬೋರ್ಡಿನ ಪಕ್ಕ ನಿಂತಿದ್ದ ನನಗೆ ಕಣ್ಣಲ್ಲೇ 'ಹಾಕ್ರಿ' ಎಂದಳು. ನಾನು ಸಿನಿಮಾ ಉದ್ಘಾಟನೆ ಮಾಡುವ ಮಂತ್ರಿಯ ಹಾಗೆ ಸ್ವಿಚ್ ಒತ್ತಿದೆ.

ಅವಳು ಕಣ್ಣು ಮುಚ್ಚಿ ಕಾದಳು. ಅರ್ಧ ನಿಮಿಷ ಕಳೆಯಿತು. ಕಣ್ಣು ತೆರೆದಳು.

"ಆನ್ ಆಯ್ತೇನ್ರಿ?"

"ಆಗಿದೆ!"

"ಶಬ್ದಾನೇ ಇಲ್ವಲ್ಲ."

"ಅದೇ ಮತ್ತೆ! ಶಬ್ದಾನೇ ಇಲ್ಲ!" ಎಂದು ನಾನು ಎರಡೂ ಕೈ ಚಾಚಿ, ಹದಿನಾರು ಜನರ ಮುಂದೆ ಹಲ್ಲು ಬಿಟ್ಟೆ.

ಅವಳ ಮುಖ ಅರಳಲಿಲ್ಲ. ಆರಿಹೋಯಿತು. ನನ್ನ ಕಡೆ ನೋಡಿದ ಆ ನೋಟವನ್ನು ನಾನು ಹಿಂದೆ ಒಂದೇ ಒಂದು ಸಲ ನೋಡಿದ್ದೆ. ಟರ್ನ್‌ಟೇಬಲ್ ಹೊತ್ತು ಬಂದ ದಿನ.

"ಶ್ರುತಿ ಇಲ್ದೆ ಹೇಗೆ ಹಾಡ್ತಾಳೆ ಪಾಪ, ನಮ್ಮನೇದು ತರಿಸ್ತೀನಿ ತಾಳು," ಎಂದು ಕಮಲಮ್ಮನವರು ಮೊಮ್ಮಗಳನ್ನು ಕಳಿಸಿ ತಿದಿ ಒತ್ತುವ ಹಳೇ ಶ್ರುತಿ ಪೆಟ್ಟಿಗೆ ತರಿಸಿದರು. ಸುಮಿತ್ರ 'ಸಾ' ಹಿಡಿದಳು. ಐದು ಮನೆ ಶ್ರುತಿ ಇಟ್ಟರೆ ಅವಳ ಸ್ವರ ಅದಕ್ಕಿಂತ ಚೂರು ಮೇಲೆ. ಐದೂವರೆ ಇಟ್ಟರೆ ಚೂರು ಕೆಳಗೆ. "ಇದೇನೇ ಇದು, ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡಿದೀಯಾ! ಯಾರೇ ಹೇಳಿಕೊಟ್ಟಿದ್ದು ಈ ಶ್ರುತಿ?" ಎಂದರು ಕಮಲಮ್ಮನವರು. ಹೆಂಗಸರು ನಕ್ಕರು. ಕೆಟ್ಟ ನಗೆಯಲ್ಲ, ಆದರೂ ನಗೆ. ಮತ್ತೊಂದು ಸಲ ಹಿಡಿದಳು, ಧ್ವನಿ ನಡುಗಿ ಜಾರಿತು.

"ಗಂಟಲು ಸರಿಯಿಲ್ಲ. ಇನ್ನೊಂದ್ಸಲ ನೋಡೋಣ ಬಿಡಿ," ಎಂದು ಎದ್ದಳು. "ಆರತಿಗೆ ರೆಡಿ ಮಾಡ್ತೀನಿ." ಒಳಗೆ ಹೋಗಿಬಿಟ್ಟಳು.

ನನಗೆ ಏನೆಂದರೆ ಏನೂ ಹೊಳೆಯಲಿಲ್ಲ. ಗೋಡೆಗೊರಗಿ ಕೂತಿದ್ದ ಅಮ್ಮ ನನ್ನ ಪಂಚೆಯ ಚುಂಗು ಹಿಡಿದೆಳೆದು, ಕಿವಿ ಹತ್ತಿರ ಬಾಯಿಟ್ಟಳು. "ಏನೋ ಮಾಡ್ದೆ ಅದನ್ನ?"

"ರಿಪೇರಿ ಮಾಡ್ದೆ. ಗುಂಯ್ ಹೋಯ್ತು."

"ಅಯ್ಯೋ ನಿನ್ನ ತಲೆ! ಆ ಗುಂಯ್‌ಗೇ ಕಣೋ ಅವಳು ಶ್ರುತಿ ಸೇರಿಸಿ ಹಾಡ್ತಿದ್ದಿದ್ದು! ಮೂರು ವರ್ಷದಿಂದ! ದಿನಾ ಬೆಳಿಗ್ಗೆ! ನಾನು ಹೂಬತ್ತಿ ಹೊಸೀತಾ ಕೇಳ್ತಾ ಕೂತಿರ್ತೀನಿ. ನಿನ್ನ ಕಿವಿ ಎಲ್ಲಿಟ್ಕೊಂಡಿದ್ದೆ?"

ನನ್ನ ಕಿವಿ ಸ್ಪೀಕರಿನ ಒಳಗಿತ್ತು. ಪಕ್ಕದ ಮನೆಯ ರೇಡಿಯೋ ನೆನಪಾಯಿತು. ನಾಚಿಕೆಯಿಂದ ನನ್ನ ಮೈ ಬೆವರಿತು, ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹತ್ತು ವರ್ಷ ಎದ್ದು ಹೋಗುತ್ತಿದ್ದವಳು ಇವತ್ತು ಕೂತಿದ್ದಳು. ಅವಳನ್ನು ಎಬ್ಬಿಸಿದವನು ನಾನು. ಇನ್ನು ಮುಂದೆ ಅವಳು ಹಾಡುತ್ತೇನೆಂದು ಯಾರ ಮುಂದೆಯೂ ಕೂರುವುದಿಲ್ಲ ಎಂಬುದು ನನಗೆ ಆ ಕ್ಷಣವೇ ಖಂಡಿತವಾಯಿತು.

"ಆರತಿ ತಟ್ಟೆ ಬಂದ್ರೆ ಎಲ್ಲಾ ಎದ್ದು ಹೋಗ್ತಾರೆ. ಏನ್ ಮಾಡ್ತೀಯೋ ಮಾಡು, ನಾನು ಇವರನ್ನ ಹಿಡಿದು ಕೂರಿಸ್ತೀನಿ," ಎಂದಳು ಅಮ್ಮ. ಅಮ್ಮನಿಗೆ ಬರುವುದು ಒಂದೇ ಹಾಡು. ಗೌರಿಯ ಮೇಲಿನ ಹಳೇ ಸಂಪ್ರದಾಯದ ಹಾಡು, ಹದಿನಾಲ್ಕು ನುಡಿ. ಯಾರೂ ಕೇಳದಿದ್ದರೂ ಶುರು ಮಾಡಿಯೇಬಿಟ್ಟಳು. ಹಿರಿಯರು ಹಾಡುವಾಗ ಎದ್ದು ಹೋಗುವಂತಿಲ್ಲ. ಒಳಗಿದ್ದ ಸುಮಿತ್ರಳೂ ಅತ್ತೆಯ ಹಾಡು ಮುಗಿಯದೆ ಆರತಿ ತರುವಂತಿಲ್ಲ.

ದುಂಬಿಯನ್ನು ಹೊರಗೆ ತೆಗೆಯೋಣವೆಂದರೆ ಅದರ ಮೇಲೆ ಪಟ್ಟದ ಬೊಂಬೆ. ಒಂದು ಸಲ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಅಲುಗಿಸುವ ಹಾಗಿಲ್ಲ. ಉಳಿದಿದ್ದು ಒಂದೇ ದಾರಿ. ಸ್ವಿಚ್ ಆರಿಸಿ, ಸ್ಕ್ರೂಡ್ರೈವರು ಕಟ್ಟರು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿಗೂ ಗೋಡೆಗೂ ನಡುವಿನ ಒಂದೂವರೆ ಅಡಿ ಜಾಗದಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆ. ಜರಿ ಪಂಚೆ, ಹಣೆಯಲ್ಲಿ ಕುಂಕುಮ, ನಲವತ್ತರ ಹತ್ತಿರದ ಲೆಕ್ಚರರು. ಅಮ್ಮ ಮೂರನೆಯ ನುಡಿಯಲ್ಲಿದ್ದಳು.

ಈ ಕೆಪಾಸಿಟರಿಗೆ ಒಂದು ದುರ್ಬುದ್ಧಿಯಿದೆ. ಸ್ವಿಚ್ ಆರಿಸಿದ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಮೊದಲು ಇಳಿಸಬೇಕು. ನಾನು ಪಾಠ ಮಾಡುವ ವಿಷಯ, ನನಗೆ ಗೊತ್ತಿಲ್ಲವೇ? ಸ್ಕ್ರೂಡ್ರೈವರು ಅಡ್ಡ ಹಿಡಿದೆ. ಟಪ್ ಎಂದು ಕಿಡಿ ಹಾರಿ, ನಾನು ಬೆಚ್ಚಿ, ನನ್ನ ತಲೆ ಸ್ಪೀಕರಿಗೆ ಬಡಿದು, ಮೇಲೆ ರಾಜ ರಾಣಿ ಒಂದು ಸಲ ತೂಗಾಡಿದರು.

"ಏನದು ಶಬ್ದ?" ಎಂದರು ಯಾರೋ.

"ಇಲಿ ಕಣ್ರೇ. ದೊಡ್ಡದು," ಎಂದು ಅಮ್ಮ ನುಡಿಯ ನಡುವೆಯೇ ಹೇಳಿ ಮುಂದುವರಿಸಿದಳು.

ಕಮಲಮ್ಮನವರ ಮೊಮ್ಮಗಳು ಕಿರುಚಿದಳು. "ಅಜ್ಜೀ, ಬೊಂಬೆ ಹಿಂದೆ ಕಾಲಿದೆ! ಎರಡು!"

"ಅದೂ ಬೊಂಬೆನೇ ಪುಟ್ಟಿ. ಈ ವರ್ಷ ಹೊಸದು," ಎಂದಳು ಅಮ್ಮ.

ಹೊಸ ಕೆಪಾಸಿಟರು ಮಂದ ಬೆಳಕಿನಲ್ಲಿ ಮಿರಮಿರ ಮಿಂಚುತ್ತಿತ್ತು. ನನ್ನ ಏಕಮಾತ್ರ ಯಶಸ್ಸು. ಅದರ ತಂತಿಗೆ ಕಟ್ಟರ್ ಹಾಕುವ ಮುಂಚೆ ಒಂದು ಸಲ ಬೆರಳಿಂದ ಸವರಿದೆ, ಸುಳ್ಳೇಕೆ ಹೇಳಲಿ. ಕಟ್ ಎಂದು ಕತ್ತರಿಸಿ, ಇನ್ನೊಂದು ತಂತಿಯನ್ನು ಬಿಚ್ಚಿ, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಅಮ್ಮಾ, ಸ್ವಿಚ್," ಎಂದು ಬೊಂಬೆಗಳ ಹಿಂದಿನಿಂದ ಪಿಸುಗುಟ್ಟಿದೆ. ಅಮ್ಮ ಹಾಡುತ್ತಲೇ ಗೋಡೆ ಹಿಡಿದು ಎದ್ದು ಒತ್ತಿದಳು. ಹದಿನಾಲ್ಕನೆಯ ನುಡಿ ಮುಗಿಯಿತು. ಕುಂಕುಮದ ನೀರು ತುಂಬಿದ ಆರತಿ ತಟ್ಟೆ ಹಿಡಿದು ಸುಮಿತ್ರ ಬರುವ ಬಳೆಯ ಸದ್ದು ಕೇಳಿಸಿತು. ವಾಲ್ವುಗಳು ನನ್ನ ಮೂಗಿನ ಮುಂದೆ ನಿಧಾನವಾಗಿ ಕೆಂಪಾದವು. ಬೇಗ ಕಾಯಪ್ಪಾ, ಬೇಗ, ಎಂದು ಬೇಡಿಕೊಂಡೆ.

ಗುಂಯ್.

ಬಳೆಯ ಸದ್ದು ನಿಂತಿತು.

ತಟ್ಟೆ ನೆಲಕ್ಕಿಟ್ಟ ಸದ್ದು. ಸೀರೆ ಸರಿದ ಸದ್ದು. ಆಮೇಲೆ ಆ ಗುಂಯ್ ಒಳಗಿನಿಂದಲೇ ಹುಟ್ಟಿತೇನೋ ಅನ್ನುವಷ್ಟು ಮೆತ್ತಗೆ ಅವಳ 'ಸಾ' ಬಂತು. ಅವರಪ್ಪ ಹೇಳಿಕೊಟ್ಟಿದ್ದ ಒಂದು ದೇವರನಾಮ ಹಾಡಿದಳು. ಮೊದಲ ಸಾಲಿನಲ್ಲಿ ಸ್ವಲ್ಪ ನಡುಕವಿತ್ತು, ಎರಡನೆಯದರಲ್ಲಿ ಇರಲಿಲ್ಲ. ನನಗೆ ಅವಳು ಕಾಣುತ್ತಿರಲಿಲ್ಲ. ಬೊಂಬೆಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅವುಗಳ ಬೆನ್ನಿಗೆ ಬಣ್ಣ ಇರುವುದಿಲ್ಲ, ಬರೀ ಮಣ್ಣು. ಆ ಮಣ್ಣು ನೋಡುತ್ತ, ಜರಿ ಪಂಚೆಯಲ್ಲಿ ಧೂಳು ಬಳಿದುಕೊಂಡು, ಹನ್ನೊಂದು ವರ್ಷ ಜೊತೆಯಲ್ಲಿ ಬಾಳಿದವಳ ಹಾಡನ್ನು ನಾನು ಮೊದಲ ಬಾರಿ ಕೇಳಿದೆ. ಅಳು ಬಂತು. ಸದ್ದಾಗದ ಹಾಗೆ ಪಂಚೆಯ ಅಂಚು ಕಚ್ಚಿಕೊಂಡು ಅತ್ತೆ. ಇಷ್ಟು ಚೆನ್ನಾಗಿ ಹಾಡುವವಳನ್ನು ಮನೆಯಲ್ಲಿಟ್ಟುಕೊಂಡು ನಾನು ಊರಿನ ಗುಜರಿಯಲ್ಲೆಲ್ಲ ಸಂಗೀತ ಹುಡುಕುತ್ತಿದ್ದೆ.

ಒಂದು ಹಾಡು ಎರಡಾಯಿತು, ಮೂರಾಯಿತು. ಯಾರೂ ಏಳಲಿಲ್ಲ. ನಾನಂತೂ ಏಳುವ ಹಾಗೇ ಇರಲಿಲ್ಲ, ಕಾಲು ಜೋಮು ಹಿಡಿದಿತ್ತು.

ಎಲ್ಲರೂ ಹೋದ ಮೇಲೆ ಸುಮಿತ್ರಳೇ ನನ್ನ ಕಾಲು ಹಿಡಿದೆಳೆದು ಹೊರಗೆ ತಂದಳು. ತಲೆಯ ಜೇಡರ ಬಲೆ ತೆಗೆದಳು. ಏನು ಮಾಡಿದಿರಿ ಎಂದು ಕೇಳಲಿಲ್ಲ. ನನ್ನ ಮುಷ್ಟಿ ಬಿಡಿಸಿ, ಅದರಲ್ಲಿದ್ದ ಒಂಟಿ ಕಾಲಿನ ಕೆಪಾಸಿಟರನ್ನು ನೋಡಿದಳು. ಅದನ್ನು ತೆಗೆದುಕೊಂಡು ಹೋಗಿ ಉಪ್ಪಿನಕಾಯಿ ಜಾಡಿಗೆ ಹಾಕಿದಳು.

"ಸುಮಿ, ನಾಳೆ ಒಂದು ಶ್ರುತಿ ಪೆಟ್ಟಿಗೆ ತಂದುಬಿಡ್ತೀನಿ," ಎಂದೆ.

ಅವಳು ಉಸ್ಲಿ ಬಟ್ಟಲು ನನ್ನ ಕೈಗಿಟ್ಟಳು. "ಅದನ್ನ ತರ್ತೀನಿ ಅಂತ ನಮ್ಮನೆಯವರು ಹನ್ನೊಂದು ವರ್ಷದ ಹಿಂದೆ ಹೋದೋರು. ಇನ್ನೂ ಬಂದಿಲ್ಲ," ಎಂದಳು.

ನಕ್ಕುಕೊಂಡೇ ಅಂದಳು. ಆದರೆ ಆ ರಾತ್ರಿ ನನಗೆ ಉಸ್ಲಿ ಇಳಿಯಲಿಲ್ಲ.

ಮಾರನೆಯ ದಿನ ಕಾಲೇಜು ಮುಗಿದ ಕೂಡಲೇ ಬಳೇಪೇಟೆಗೆ ಹೊರಟೆ. ದಾರಿ ಅದೇ, ಬಾಷಾ ಭಾಯಿಯ ಅಂಗಡಿಯೂ ಅಲ್ಲೇ. "ಮೇಷ್ಟ್ರೇ! ಒಂದು ಸ್ಪೂಲ್ ಬಂದಿದೆ, ಫಸ್ಟ್ ಕ್ಲಾಸ್! ಒಂದೇ ಒಂದು ಚಿಕ್ಕ ಕೆಲಸ!" ಎಂದು ಕೂಗಿದರು. ನಾನು ನಿಲ್ಲಲಿಲ್ಲ. ಒಂದು ಸಲ ತಿರುಗಿ ನೋಡಿದೆ, ಅದನ್ನೇಕೆ ಮುಚ್ಚಿಡಲಿ. ನಿಜಕ್ಕೂ ಫಸ್ಟ್ ಕ್ಲಾಸಾಗಿತ್ತು. ಆದರೂ ನಿಲ್ಲಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಶ್ರುತಿ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮನೆ ಬಾಗಿಲು ತಟ್ಟಿದೆ. ಸುಮಿತ್ರ ಬಾಗಿಲು ತೆಗೆದಳು. ಪೆಟ್ಟಿಗೆ ನೋಡಿದಳು. ನನ್ನನ್ನು ಬಹಳ ಹೊತ್ತು ನೋಡಿದಳು.

"ಬಂದ್ರಾ?" ಎಂದಳು.